ಚಕ್ರದ ಹಡಗಿನ ಮಾದರಿ: ಹಿಂದಿನ ಚಕ್ರವೋ, ಪಕ್ಕದ ಚಕ್ರವೋ, ಒಂದು ಮೋಟಾರೋ, ಎರಡೋ?

ಪ್ಯಾಡಲ್ ಸ್ಟೀಮರ್ ಅಂದರೆ ದೊಡ್ಡ ಚಕ್ರ ತಿರುಗಿಸಿ ನೀರು ತಳ್ಳುತ್ತಾ ಹೋಗುವ ಹಳೇ ಉಗಿಹಡಗು. ಅದರ ಮಾದರಿ ಕಟ್ಟಬೇಕು, ಯಾವ ಥರದ್ದು ಕಟ್ಟಲಿ ಅಂತ ಈ ಸಲ ಮೂವರು ಕೇಳಿದ್ದಾರೆ. ಮೂವರೂ ನಮ್ಮ ಕಾಸರಗೋಡು ಕಡೆಯವರೇ. ಒಬ್ಬರು ಬದಿಯಡ್ಕ ಹತ್ತಿರದ ಮಾಷ್ಟ್ರು. ವಿಜ್ಞಾನ ಮೇಳಕ್ಕೆ ಮಕ್ಕಳ ಕೈಯಲ್ಲೇ ಮಾಡಿಸಬೇಕು, ಖರ್ಚು ಜಾಸ್ತಿ ಆಗಬಾರದು. ಇನ್ನೊಬ್ಬರದು ನೀರ್ಚಾಲು ಕಡೆ ಅಡಿಕೆ ತೋಟ. ತೋಟದ ಕೆರೆಯಲ್ಲಿ ಸಂಜೆ ಹೊತ್ತು ಓಡಿಸುವ ಆಸೆ. ಮೂರನೆಯವರು ಕೆಲಸದಿಂದ ನಿವೃತ್ತರಾಗಿ ಮೊಗ್ರಾಲ್ ಹೊಳೆಯ ಅಳಿವೆ ಹತ್ತಿರ ಇದ್ದಾರೆ. ದುಡ್ಡಿನ ಚಿಂತೆ ಇಲ್ಲ, ಹಡಗು ಮಾತ್ರ ನಿಜವಾದದ್ದರ ಹಾಗೇ ಕಾಣಬೇಕು.

ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಂತೂ ಮೋಸ ಆಗುತ್ತದೆ. ಹಾಗಾಗಿ ಯಾವ ಅಳತೆಗೋಲಿನಿಂದ ನೋಡಬೇಕು ಅಂತ ಮೊದಲು ಹೇಳಿ, ಆಮೇಲೆ ಒಂದೊಂದನ್ನೇ ತೂಗುತ್ತೇನೆ.

ಒಂದು ವಿಷಯ ಶುರುವಿನಲ್ಲೇ ತಲೆಯಲ್ಲಿರಲಿ. ಪ್ರೊಪೆಲ್ಲರ್ ದೋಣಿಯಲ್ಲಿ ವಾಲದೆ ನಿಲ್ಲುವುದು ಒಂದು ಸಮಸ್ಯೆ, ತಿರುಗುವುದು ಇನ್ನೊಂದು ಸಮಸ್ಯೆ. ಪ್ಯಾಡಲ್ ಹಡಗಿನಲ್ಲಿ ಇವೆರಡೂ ಒಂದೇ. ಪ್ರೊಪೆಲ್ಲರ್ ಯಾವಾಗಲೂ ನೀರಿನಡಿಯಲ್ಲೇ ಇರುತ್ತದೆ. ಚಕ್ರವೋ, ನೀರಿನ ಮೇಲ್ಮೈಯಲ್ಲಿ ನೇತಾಡುತ್ತದೆ. ಹಡಗು ಸ್ವಲ್ಪ ವಾಲಿದರೂ ಒಂದು ಚಕ್ರ ಜಾಸ್ತಿ ಮುಳುಗುತ್ತದೆ, ಇನ್ನೊಂದು ಮೇಲೇಳುತ್ತದೆ. ಆಗ ಹಡಗು ತಾನಾಗಿಯೇ ಒಂದು ಕಡೆ ಎಳೆಯುತ್ತದೆ.

ಸಮುದ್ರದಲ್ಲಿ ಪ್ಯಾಡಲ್ ಸೋತದ್ದಕ್ಕೆ ಇದೂ ಒಂದು ಕಾರಣ. ಇಂಗ್ಲೆಂಡಿನಿಂದ ಕಲ್ಕತ್ತಕ್ಕೆ ಮೊದಲು ಬಂದ ಉಗಿಹಡಗು 'ಎಂಟರ್‌ಪ್ರೈಸ್' ಪ್ಯಾಡಲ್ ಹಡಗೇ, ಅದು 1825ರಲ್ಲಿ. ಇಪ್ಪತ್ತು ವರ್ಷ ಕಳೆದು, 1845ರಲ್ಲಿ, ಬ್ರಿಟಿಷ್ ನೌಕಾಪಡೆ 'ಅಲೆಕ್ಟೊ' ಅನ್ನುವ ಪ್ಯಾಡಲ್ ಹಡಗನ್ನೂ 'ರ‍್ಯಾಟ್ಲರ್' ಅನ್ನುವ ಪ್ರೊಪೆಲ್ಲರ್ ಹಡಗನ್ನೂ ಹಿಂಭಾಗಕ್ಕೆ ಹಿಂಭಾಗ ಕಟ್ಟಿ ಹಗ್ಗಜಗ್ಗಾಟ ಆಡಿಸಿತು. ಪ್ಯಾಡಲ್ ಹಡಗು ಹಿಂದಕ್ಕೆ ಎಳೆಸಿಕೊಂಡು ಹೋಯಿತು. ಆದರೆ ನದಿಯಲ್ಲಿ, ಬಂದರಿನೊಳಗೆ ಪ್ಯಾಡಲ್ ಉಳಿಯಿತು. ಬಾಂಗ್ಲಾದೇಶದ 'ರಾಕೆಟ್' ಸ್ಟೀಮರ್‌ಗಳ ಹೆಸರು ಕೇಳಿರಬಹುದು. ಅವುಗಳಲ್ಲಿ 'ಮಹ್ಸೂದ್', 'ಆಸ್ಟ್ರಿಚ್' ಎರಡೂ 1920ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ಕಟ್ಟಿದವು. ಆಮೇಲೆ ಉಗಿ ಹೋಗಿ ಡೀಸೆಲ್ ಬಂತು, ಚಕ್ರ ಹಾಗೇ ಇತ್ತು. ನಮ್ಮ ಕೆರೆ, ಮದಕಗಳಲ್ಲಿ ಅಲೆ ಇಲ್ಲ, ಮಾದರಿಯಲ್ಲಿ ಕಲ್ಲಿದ್ದಲು ಸುಟ್ಟು ತೂಕ ಇಳಿಯುವ ತಾಪತ್ರಯವೂ ಇಲ್ಲ. ಹಾಗಾಗಿ ದೊಡ್ಡ ಹಡಗಿಗೆ ಬಂದ ಕಷ್ಟದಲ್ಲಿ ಅರ್ಧ ನಮಗೆ ಬರುವುದೇ ಇಲ್ಲ.

ಮೊದಲು ನೀರು ನೋಡಿ

ಹಡಗಿನ ಚಿತ್ರ ನೋಡಿ ಮನಸೋಲುವ ಮೊದಲು ನಿಮ್ಮ ನೀರನ್ನು ನೋಡಿ ಬನ್ನಿ. ಎಷ್ಟು ಅಗಲ? ದಡದಿಂದ ಎಲ್ಲ ಕಡೆಗೂ ಕೈ ತಲುಪುತ್ತದಾ? ಪಾಚಿ, ಆಫ್ರಿಕನ್ ಪಾಯಲ್ ಅನ್ನುವ ತೇಲುವ ಕಳೆ ಇದೆಯಾ? ಸಿಹಿನೀರೋ, ಉಪ್ಪುನೀರೋ? ಗಾಳಿ ಯಾವ ಹೊತ್ತಿಗೆ ಬೀಸುತ್ತದೆ? ಕರಾವಳಿಯಲ್ಲಿ ಮಧ್ಯಾಹ್ನ ಆದಮೇಲೆ ಪಡುಗಾಳಿ ಬರುತ್ತದೆ. ಎತ್ತರದ ಮೇಲ್ಮನೆ ಇರುವ ಹಡಗಿಗೆ ಅದೇ ದೊಡ್ಡ ಶತ್ರು. ಮಾದರಿಯನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಬಹುದು, ಗಾಳಿಯನ್ನು ಇಳಿಸಲಾಗುವುದಿಲ್ಲ ಅಲ್ವಾ? ಬೆಳಗ್ಗೆ ಹತ್ತು ಗಂಟೆಯೊಳಗೆ ಓಡಿಸುವುದು ವಾಸಿ.

ಕೆಂಪುಕಲ್ಲು ತೆಗೆದ ಹೊಂಡಗಳಲ್ಲಿ ಮಳೆನೀರು ತುಂಬಿ ಕನ್ನಡಿಯ ಹಾಗೆ ನಿಂತಿರುತ್ತದೆ. ನೋಡಿದರೆ ಹಡಗು ಬಿಡಬೇಕು ಅನಿಸುತ್ತದೆ. ದಯವಿಟ್ಟು ಬೇಡ. ಅಂಚು ನೆಟ್ಟಗೆ ಕೊರೆದದ್ದು, ಮಕ್ಕಳು ಬಿದ್ದರೆ ಹತ್ತಲು ಹಿಡಿತ ಇಲ್ಲ.

ನೀರು ನೋಡಿದ ಮೇಲೆ ಇನ್ನು ನಾಲ್ಕು ಪ್ರಶ್ನೆ. ಎಷ್ಟು ವಾಲುತ್ತದೆ, ಎಷ್ಟು ಜಾಗದಲ್ಲಿ ತಿರುಗುತ್ತದೆ, ಚಕ್ರ ಎಷ್ಟು ಶಕ್ತಿ ಪೋಲು ಮಾಡುತ್ತದೆ, ಕೈಗೆ ಎಷ್ಟು ಕೆಲಸ ಮತ್ತು ಜೇಬಿಗೆ ಎಷ್ಟು ಖರ್ಚು. ಇದರಲ್ಲಿ ಮೊದಲನೆಯದೇ ಮುಖ್ಯ, ಅದಕ್ಕೇ ಅದರ ಮೇಲೆ ಸ್ವಲ್ಪ ಹೊತ್ತು ಕೂರೋಣ.

ವಾಲುವ ಲೆಕ್ಕ

70 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಒಡಲು, 4 ಸೆಂ.ಮೀ. ನೀರಲ್ಲಿ ಮುಳುಗಿ ನಿಂತಿದೆ ಅಂತ ಇಟ್ಟುಕೊಳ್ಳಿ. ಮುಂದೆ ಹಿಂದೆ ಚೂಪಾಗಿರುವುದನ್ನು ಲೆಕ್ಕ ಹಿಡಿದರೆ ಎಲ್ಲ ಸೇರಿ ತೂಕ ಸುಮಾರು 2.4 ಕೆ.ಜಿ. ಇದು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಅಂತ ಹೇಳುವುದು ಮೆಟಾಸೆಂಟರ್ ಅನ್ನುವ ಬಿಂದು. ಹಡಗಿನ ಭಾರದ ಬಿಂದು ಅದಕ್ಕಿಂತ ಕೆಳಗಿದ್ದರೆ ವಾಲಿದ ಹಡಗು ಎದ್ದು ನಿಲ್ಲುತ್ತದೆ, ಮೇಲಿದ್ದರೆ ಮಗುಚುತ್ತದೆ. ಪೆಟ್ಟಿಗೆ ಆಕಾರದ ಒಡಲಿಗೆ ಲೆಕ್ಕ ಸುಲಭ. ಅಗಲವನ್ನು ಅಗಲದಿಂದಲೇ ಗುಣಿಸಿ, ಮುಳುಗಿದ ಆಳದ ಹನ್ನೆರಡು ಪಟ್ಟಿನಿಂದ ಭಾಗಿಸಿ. ಅದಕ್ಕೆ ಮುಳುಗಿದ ಆಳದ ಅರ್ಧ ಸೇರಿಸಿ. ಇಲ್ಲಿ 144ನ್ನು 48ರಿಂದ ಭಾಗಿಸಿದರೆ 3, ಅದಕ್ಕೆ 2 ಸೇರಿದರೆ 5. ಅಂದರೆ ತಳದಿಂದ 5 ಸೆಂ.ಮೀ. ಮೇಲೆ. ಚೂಪು ತುದಿಗಳಿಗಾಗಿ ಇದರಲ್ಲಿ ಸ್ವಲ್ಪ ಕಳೆಯಿರಿ.

ಅಗಲ 10 ಸೆಂ.ಮೀ. ಮಾಡಿದರೆ ಈ ಲೆಕ್ಕ 4.1ಕ್ಕೆ ಇಳಿಯುತ್ತದೆ. 15 ಮಾಡಿದರೆ 6.7ಕ್ಕೆ ಏರುತ್ತದೆ. ಉದ್ದ ಎಷ್ಟು ಬೇಕಾದರೂ ಹೆಚ್ಚಿಸಿ, ಈ ಅಂಕಿ ಅಲುಗುವುದಿಲ್ಲ. ಚಂದ ಕಾಣಲಿ ಅಂತ ಒಡಲನ್ನು ಸಪೂರ ಮಾಡುವವರು ಇದನ್ನು ಒಮ್ಮೆ ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು.

ಈಗ ಚಕ್ರಕ್ಕೆ ಬನ್ನಿ. ಪಕ್ಕದ ಚಕ್ರದ ನಡುಭಾಗ ಹಡಗಿನ ನಡುಗೆರೆಯಿಂದ ಸುಮಾರು 8.5 ಸೆಂ.ಮೀ. ದೂರ ಇರುತ್ತದೆ. ಹಡಗು 7 ಡಿಗ್ರಿ ವಾಲಿದರೆ ಒಂದು ಚಕ್ರ 1 ಸೆಂ.ಮೀ. ಕೆಳಗೆ ಹೋಗುತ್ತದೆ, ಇನ್ನೊಂದು 1 ಸೆಂ.ಮೀ. ಮೇಲೆ. ಚಕ್ರ ನೀರಿಗಿಳಿದಿರುವುದೇ ಒಂದೂವರೆ ಸೆಂಟಿಮೀಟರ್ ಆದರೆ? ಒಂದು ಚಕ್ರ ನೀರು ಅಗೆಯುತ್ತದೆ, ಇನ್ನೊಂದು ಬರೀ ನೀರು ಸವರುತ್ತದೆ. ಗಾಳಿ ಪಕ್ಕದಿಂದ ತಳ್ಳಿದಾಗ ಗಾಳಿಯ ಆಚೆ ಬದಿಯ ಚಕ್ರ ಆಳಕ್ಕಿಳಿದು, ಮೂತಿ ಗಾಳಿ ಬಂದ ಕಡೆಗೇ ತಿರುಗುತ್ತದೆ. ಚುಕ್ಕಾಣಿ ಸರಿ ಇಲ್ಲ ಅಂತ ಎಷ್ಟೋ ಜನ ಬಯ್ಯುವುದು ಈ ಕಾರಣಕ್ಕೆ. ಚುಕ್ಕಾಣಿಯದು ಏನೂ ತಪ್ಪಿರುವುದಿಲ್ಲ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ದೊಡ್ಡ ಟಬ್ಬಿನಲ್ಲಿ ಬಿಡಿ. ಮೇಲ್ಮನೆ, ಬ್ಯಾಟರಿ ಎಲ್ಲ ಇರಬೇಕು. 50 ಗ್ರಾಂ ತೂಕವನ್ನು ಒಡಲಿನ ಅಂಚಿಗೆ, ಅಂದರೆ ನಡುವಿನಿಂದ 6 ಸೆಂ.ಮೀ. ದೂರಕ್ಕೆ ಇಡಿ. ನೂಲಿಗೆ ನಟ್ಟು ಕಟ್ಟಿ ಕೋನಮಾಪಕದ ಮುಂದೆ ಇಳಿಬಿಟ್ಟರೆ ಎಷ್ಟು ಡಿಗ್ರಿ ಅಂತ ಕಾಣುತ್ತದೆ. ನಮ್ಮ ಲೆಕ್ಕದ ಹಡಗು 7 ಡಿಗ್ರಿ ವಾಲಿದರೆ ಭಾರದ ಬಿಂದುವಿಗೂ ಮೆಟಾಸೆಂಟರಿಗೂ ನಡುವೆ ಸುಮಾರು 1 ಸೆಂ.ಮೀ. ಅಂತರ ಇದೆ ಅಂತ ಅರ್ಥ. ಮೂರೂವರೆ ಡಿಗ್ರಿ ಆದರೆ 2 ಸೆಂ.ಮೀ. ಒಂದಕ್ಕಿಂತ ಕಡಿಮೆ ಇದ್ದರೆ ನಾನು ಕೆರೆಗೆ ಬಿಡುವುದಿಲ್ಲ. ಇನ್ನೊಂದು ದಾರಿ, ಮೆಲ್ಲನೆ ಅಲ್ಲಾಡಿಸಿ ಬಿಟ್ಟು ಮೊಬೈಲಿನಲ್ಲಿ ಸಮಯ ನೋಡುವುದು. ಆ ಕಡೆ ಈ ಕಡೆ ಹತ್ತು ಸಲ ತೂಗಲು ಹತ್ತು ಸೆಕೆಂಡಿನ ಆಸುಪಾಸು ತೆಗೆದುಕೊಂಡರೆ ಸರಿ. ಹದಿಮೂರು, ಹದಿನಾಲ್ಕು ಸೆಕೆಂಡಾದರೆ ಮೇಲ್ಭಾರ ಜಾಸ್ತಿ ಆಯಿತು. ಬ್ಯಾಟರಿಯನ್ನು ತಳಕ್ಕೆ ಇಳಿಸಿ, ಹೊಗೆಕೊಳವೆಗೆ ಲೋಹದ ಬದಲು ಕಾಗದ ಸುತ್ತಿ.

ಸಣ್ಣದು ಸುಲಭ ಅನ್ನುವುದು ಇಲ್ಲಿ ಸುಳ್ಳು. ಸ್ಕಾಟ್ಲೆಂಡಿನ 'ವೇವರ್ಲಿ' 1946ರಲ್ಲಿ ನೀರಿಗಿಳಿದದ್ದು, ಇವತ್ತಿಗೂ ಪ್ರಯಾಣಿಕರನ್ನು ಹೊರುವ ಪ್ಯಾಡಲ್ ಸ್ಟೀಮರ್. ಉದ್ದ ಸುಮಾರು 73 ಮೀಟರ್, ಒಡಲಿನ ಅಗಲ 9 ಮೀಟರ್ ಚಿಲ್ಲರೆ. 72ರಲ್ಲಿ ಒಂದು ಪಾಲಿಗೆ ಇಳಿಸಿದರೆ ಒಂದು ಮೀಟರ್ ಉದ್ದ ಬರುತ್ತದೆ, ತೂಕಕ್ಕೆ ಎರಡು ಕೆ.ಜಿ. ಆಸುಪಾಸು ಅವಕಾಶ ಸಿಗುತ್ತದೆ. ಅದರ ಅರ್ಧಕ್ಕೆ ಇಳಿಸಿದರೆ ತೂಕ ಅರ್ಧ ಆಗುವುದಿಲ್ಲ, ಎಂಟನೇ ಒಂದು ಪಾಲಾಗುತ್ತದೆ. ಅಂದರೆ ಕಾಲು ಕೆ.ಜಿ. ಅದರಲ್ಲಿ ಮೋಟಾರು, ಬ್ಯಾಟರಿ, ರಿಮೋಟಿನ ಸಂದೇಶ ಹಿಡಿಯುವ ರಿಸೀವರ್, ಒಡಲು ಎಲ್ಲ ಬರಬೇಕು. ಮೊದಲ ಹಡಗು 60 ಸೆಂ.ಮೀ.ಗಿಂತ ಚಿಕ್ಕದು ಬೇಡ ಅಂತ ನಾನು ಹೇಳುವುದು ಇದಕ್ಕೇ.

ಚಕ್ರ ಹೇಗಿರಬೇಕು

ಎಲ್ಲರೂ ಮಾಡುವ ಕೆಲಸ ಚಕ್ರವನ್ನು ಆಳಕ್ಕಿಳಿಸುವುದು. ಜಾಸ್ತಿ ನೀರು ಹಿಡಿದರೆ ಜಾಸ್ತಿ ಓಡುತ್ತದೆ ಅಂತ ಲೆಕ್ಕ. ಆಗುವುದು ಉಲ್ಟಾ. 10 ಸೆಂ.ಮೀ. ಅಡ್ಡಳತೆಯ ಚಕ್ರವನ್ನು 2 ಸೆಂ.ಮೀ. ಇಳಿಸಿದರೆ, ಚಕ್ರದ ಸುತ್ತ ಇರುವ ನೀರು ತಳ್ಳುವ ಹಲಗೆ ನೆಟ್ಟಗಿನ ಗೆರೆಯಿಂದ 53 ಡಿಗ್ರಿ ಓರೆಯಲ್ಲೇ ನೀರಿಗೆ ಬಡಿಯುತ್ತದೆ. ಹೋಗುವಾಗ ನೀರನ್ನು ಕೆಳಕ್ಕೆ ಗುದ್ದುತ್ತದೆ, ಬರುವಾಗ ಮೇಲಕ್ಕೆ ಎತ್ತುತ್ತದೆ. ಬ್ಯಾಟರಿ ಖರ್ಚಾಗುವುದು ಈ ಗುದ್ದಾಟಕ್ಕೆ. 1 ಸೆಂ.ಮೀ. ಮಾತ್ರ ಇಳಿಸಿದರೆ ಆ ಓರೆ 37 ಡಿಗ್ರಿಗೆ ಇಳಿಯುತ್ತದೆ. ಹಲಗೆಯ ಮೇಲಂಚು ನೀರಿನಿಂದ ಸ್ವಲ್ಪವೇ ಕೆಳಗೆ ಮುಳುಗಿದರೆ ಸಾಕು. ಒತ್ತು ಸಾಲದಿದ್ದರೆ ಹಲಗೆಯನ್ನು ಅಡ್ಡಕ್ಕೆ ಉದ್ದ ಮಾಡಿ, ಚಕ್ರವನ್ನು ಆಳ ಮಾಡಬೇಡಿ.

ಓರೆ ಬಡಿತದ ಈ ಕಾಟಕ್ಕೆ ಇನ್ನೊಂದು ಮದ್ದು ಫೆದರಿಂಗ್ ಚಕ್ರ. ಅದರಲ್ಲಿ ಪ್ರತಿ ಹಲಗೆಗೂ ಕೀಲು ಇರುತ್ತದೆ. ಮಧ್ಯ ತಪ್ಪಿಸಿ ಕೂರಿಸಿದ ಇನ್ನೊಂದು ಅಚ್ಚಿನಿಂದ ಬರುವ ಕಡ್ಡಿಗಳು ಹಲಗೆಗಳನ್ನು ನೀರಿನಲ್ಲಿರುವಾಗ ಹೆಚ್ಚುಕಡಿಮೆ ನೆಟ್ಟಗೆ ಇಡುತ್ತವೆ. ಇದಕ್ಕೆ ಎಲೈಜಾ ಗ್ಯಾಲೊವೇ 1829ರಲ್ಲೇ ಪೇಟೆಂಟ್ ಪಡೆದಿದ್ದ. ನೋಡಲು ಬಲು ಚಂದ. ಆದರೆ ಒಂದು ಚಕ್ರಕ್ಕೆ ಎಂಟು ಹಲಗೆ, ಎಂಟು ಕೀಲು, ಎಂಟು ಕಡ್ಡಿ. ಎರಡು ಚಕ್ರಕ್ಕೆ ಲೆಕ್ಕ ಹಾಕಿ. ಒಂದು ಕೀಲು ಬಿಗಿಯಾದರೂ ಇಡೀ ಚಕ್ರ ನಿಂತುಬಿಡುತ್ತದೆ. ಮೊದಲ ಹಡಗಿಗೆ ಬೇಡವೇ ಬೇಡ. ದೊಡ್ಡ ಅಡ್ಡಳತೆಯ, ಹಲಗೆಗಳನ್ನು ಗಟ್ಟಿಯಾಗಿ ಅಂಟಿಸಿದ ಸಾದಾ ಚಕ್ರ ಸಾಕು.

ವೇಗ? 9 ಸೆಂ.ಮೀ. ಚಕ್ರ ನಿಮಿಷಕ್ಕೆ 150 ಸುತ್ತು ತಿರುಗಿದರೆ ಅಂಚು ಸೆಕೆಂಡಿಗೆ 70 ಸೆಂ.ಮೀ. ಓಡುತ್ತದೆ. ಜಾರುವಿಕೆ ಕಳೆದರೆ ಹಡಗು ನಿಧಾನ ನಡಿಗೆಯಲ್ಲಿ ಹೋಗುತ್ತದೆ. ಅಷ್ಟೇ ಚಂದ. 70 ಸೆಂ.ಮೀ. ಹಡಗನ್ನು ಸೆಕೆಂಡಿಗೆ ಒಂದು ಮೀಟರ್ ಓಡಿಸಲು ಹೊರಟರೆ ಮೂತಿಯಲ್ಲಿ ಒಂದು ಅಲೆ, ಹಿಂಭಾಗದಲ್ಲಿ ಇನ್ನೊಂದು ಅಲೆ ಎದ್ದು ನಡುವೆ ತಗ್ಗು ಬೀಳುತ್ತದೆ. ಪಕ್ಕದ ಚಕ್ರ ಇರುವುದು ಸರಿಯಾಗಿ ಆ ತಗ್ಗಿನಲ್ಲೇ. ಮೋಟಾರು ಕಿರುಚುತ್ತದೆ, ಹಡಗು ಹೋಗುವುದಿಲ್ಲ.

ಪ್ಯಾಡಲ್‌ನಲ್ಲಿ ಒಂದು ದೊಡ್ಡ ಅನುಕೂಲವೂ ಇದೆ. ಅಚ್ಚು ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ. ಪ್ರೊಪೆಲ್ಲರ್ ದೋಣಿಯ ಹಾಗೆ ನೀರು ಸೋರದ ಕೊಳವೆ ಮಾಡಿಕೊಂಡು ಒದ್ದಾಡಬೇಕಾಗಿಲ್ಲ. ಸೈಕಲ್ ಸ್ಪೋಕ್ 2 ಮಿ.ಮೀ. ಇರುತ್ತದೆ, ಅದೇ ಅಚ್ಚು. ಎರಡು ಕಡೆ ಹಿತ್ತಾಳೆ ಕೊಳವೆಯ ತುಂಡು, ಒಂದು ಚಿಟಿಕೆ ಗ್ರೀಸು. ಚಿಮ್ಮುವ ನೀರು ಒಳಗೆ ಬಾರದ ಹಾಗೆ ಚಕ್ರದ ಗೂಡಿನ ಒಳಗೋಡೆ ಮುಚ್ಚಿದರೆ ಆಯಿತು.

ಹಿಂದಿನ ಚಕ್ರ

ಮಿಸಿಸಿಪ್ಪಿ ನದಿಯ ಹಡಗುಗಳ ಥರ. ಚಪ್ಪಟೆ ತಳ, ಅಗಲ ಒಡಲು, ಹಿಂಭಾಗದಲ್ಲಿ ಒಂದೇ ದೊಡ್ಡ ಚಕ್ರ. ಕಟ್ಟಲು ಇದರಷ್ಟು ಸುಲಭದ್ದು ಇಲ್ಲ. ಒಡಲು ಹೆಚ್ಚುಕಡಿಮೆ ಪೆಟ್ಟಿಗೆ. ಒಂದು ಮೋಟಾರು ಸಾಕು. ಹಡಗು ವಾಲಿದರೂ ಚಕ್ರದ ಒಂದು ತುದಿ ಮುಳುಗಿದಷ್ಟೇ ಇನ್ನೊಂದು ತುದಿ ಏಳುತ್ತದೆ, ಒತ್ತು ನಡುವೆಯೇ ಉಳಿಯುತ್ತದೆ. ಮೇಲೆ ಹೇಳಿದ ವಾಲುವ ಕಾಟ ಇದಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ಕಾಟ ಬೇರೆ ಕಡೆಯಿಂದ ಬರುತ್ತದೆ. ಚಕ್ರವೂ ಮೋಟಾರೂ ಹಿಂದೆ ಇರುವುದರಿಂದ ಹಿಂಭಾಗ ಕುಸಿಯುತ್ತದೆ, ಚಕ್ರ ಆಳಕ್ಕಿಳಿಯುತ್ತದೆ. ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ಸಮ ಮಾಡಬೇಕು. ಒಡಲು ನೀರಿನಲ್ಲಿ ಕಡಿಮೆ ಮುಳುಗಿ, ಮೇಲ್ಮನೆ ಎತ್ತರ ಇರುವುದರಿಂದ ಗಾಳಿಗೆ ಮೂತಿ ಸಿಕ್ಕಾಪಟ್ಟೆ ಜಾರುತ್ತದೆ. ತಿರುಗುವುದೂ ನಿಧಾನ. ನಿಜವಾದ ಹಡಗುಗಳಲ್ಲಿ ಚಕ್ರದ ಮುಂದೆ ಮೂರು ನಾಲ್ಕು ಚುಕ್ಕಾಣಿ ಸಾಲಾಗಿ ಇರುತ್ತಿದ್ದವು. ಹಿಂದಕ್ಕೆ ಹೋಗುವಾಗ ಚಕ್ರ ಎಸೆದ ನೀರು ಅವುಗಳ ಮೇಲೆ ಬೀಳುತ್ತದೆ. ಹಾಗಾಗಿ ಈ ಹಡಗು ಮುಂದಕ್ಕಿಂತ ಹಿಂದಕ್ಕೇ ಚೆನ್ನಾಗಿ ಮಾತು ಕೇಳುತ್ತದೆ, ತಮಾಷೆ ಅಲ್ಲ. ಮಾದರಿಯಲ್ಲಿ ಚಕ್ರದ ಹಿಂದೆಯೂ ಒಂದೆರಡು ಚುಕ್ಕಾಣಿ ಹಾಕಿ. ಚಕ್ರದ ನೀರು ನೇರ ಅವುಗಳಿಗೆ ಬಡಿದು ಮುಂದಕ್ಕೆ ಹೋಗುವಾಗಲೂ ತಿರುಗುತ್ತದೆ. ಚಕ್ರವನ್ನು ಎರಡು ತುಂಡು ಮಾಡಿ ಎರಡು ಮೋಟಾರು ಕೊಡುವವರೂ ಇದ್ದಾರೆ. ಎರಡು ತುಂಡು ತೀರಾ ಹತ್ತಿರ ಇರುವುದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ.

ಪಕ್ಕದ ಚಕ್ರ, ಒಂದೇ ಅಚ್ಚು

'ವೇವರ್ಲಿ' ಇರುವುದು ಹೀಗೆಯೇ. ಎರಡು ಚಕ್ರವೂ ಒಂದೇ ಅಚ್ಚಿನಲ್ಲಿ, ಒಟ್ಟಿಗೇ ತಿರುಗುತ್ತವೆ. ನೇರ ಓಟಕ್ಕೆ ಇದು ಚೆಂದ. ಮೋಟಾರು ಒಂದೇ ಆದ್ದರಿಂದ ಎರಡೂ ಕಡೆ ಸುತ್ತು ಸಮ. ಆದರೆ ತಿರುಗಿಸುವ ಕೆಲಸ ಪೂರ್ತಿ ಚುಕ್ಕಾಣಿಯ ಮೇಲೆ ಬೀಳುತ್ತದೆ. ಪ್ರೊಪೆಲ್ಲರ್ ದೋಣಿಯಲ್ಲಿ ಚುಕ್ಕಾಣಿಯ ಮೇಲೆ ನೀರಿನ ರಭಸ ಇರುತ್ತದೆ. ಇಲ್ಲಿ ಚಕ್ರ ಹಡಗಿನ ನಡುವೆ, ಚುಕ್ಕಾಣಿ ದೂರದ ಹಿಂಭಾಗದಲ್ಲಿ. ಹಡಗು ಓಡುತ್ತಿದ್ದರೆ ಮಾತ್ರ ಅದಕ್ಕೆ ಜೀವ. ನಿಂತ ಹಡಗನ್ನು ಚುಕ್ಕಾಣಿಯಿಂದ ತಿರುಗಿಸಲು ಆಗುವುದೇ ಇಲ್ಲ.

ಅಳತೆಗೆ ಸರಿಯಾಗಿ ಮಾಡಿದ ಚುಕ್ಕಾಣಿ ಮಾದರಿಯಲ್ಲಿ ಸಾಲುವುದಿಲ್ಲ. ಅದರ ಕೆಳಗೂ ಹಿಂದಕ್ಕೂ ಪಾರದರ್ಶಕ ಪ್ಲಾಸ್ಟಿಕ್ ಸೇರಿಸಿ ಸುಮಾರು ಇಮ್ಮಡಿ ಮಾಡಿ. ನೀರಲ್ಲಿ ಕಾಣುವುದಿಲ್ಲ. ಇಷ್ಟಾದರೂ ಅದಕ್ಕೆ ದೊಡ್ಡ ನೀರು ಬೇಕು. ತೋಟದ ಕೆರೆಗೆ ಇದನ್ನು ತಂದರೆ ದಡಕ್ಕೆ ಗುದ್ದುವುದು, ಕೋಲಿನಿಂದ ತಳ್ಳುವುದು, ಇಷ್ಟೇ ಆಟ. ಜೊತೆಗೆ, ವಾಲಿದಾಗ ಆಳಕ್ಕಿಳಿದ ಚಕ್ರ ನಿಧಾನ ಆಗುವುದಿಲ್ಲ, ಅಚ್ಚು ಒಂದೇ ಅಲ್ವಾ. ಅದಕ್ಕೆ ಒಂದು ಕಡೆ ಎಳೆಯುವುದು ಇದರಲ್ಲೇ ಜಾಸ್ತಿ.

ಪಕ್ಕದ ಚಕ್ರ, ಎರಡು ಮೋಟಾರ್

ನನ್ನ ಮತ ಹೆಚ್ಚಾಗಿ ಇದಕ್ಕೇ. ಪವರ್ ಟಿಲ್ಲರ್ ಓಡಿಸಿದವರಿಗೆ ವಿವರಿಸಬೇಕಾಗಿಯೇ ಇಲ್ಲ. ಎಡಗೈ ಕ್ಲಚ್ಚು ಒತ್ತಿದರೆ ಎಡ ಗಾಲಿ ನಿಲ್ಲುತ್ತದೆ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ಚಕ್ರವನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿದರೆ ಹಡಗು ನಿಂತಲ್ಲೇ ಸುತ್ತುತ್ತದೆ. ಬ್ರಿಟಿಷ್ ನೌಕಾಪಡೆ 1950ರ ದಶಕದ ಕೊನೆಯಲ್ಲೂ 'ಡೈರೆಕ್ಟರ್' ವರ್ಗದ, ದೊಡ್ಡ ಹಡಗುಗಳನ್ನು ಎಳೆದು ತಳ್ಳುವ ಪ್ಯಾಡಲ್ ಟಗ್‌ಗಳನ್ನು ಕಟ್ಟಿಸಿದ್ದು ಈ ಗುಣಕ್ಕಾಗಿಯೇ. ಡೀಸೆಲ್ಲಿನಿಂದ ವಿದ್ಯುತ್ತು, ಪ್ರತಿ ಚಕ್ರಕ್ಕೂ ಬೇರೆ ಮೋಟಾರು. ವಿಮಾನವಾಹಕ ಹಡಗುಗಳ ಚಾಚಿದ ಅಂಚಿನಡಿ ನುಗ್ಗಲು ಕಂಬವನ್ನು ಮಡಚುವ ಏರ್ಪಾಡೂ ಇತ್ತು. ನಿಜವಾದ ಹಡಗಿನ ನಕಲೇ ಬೇಕು, ನಿಂತಲ್ಲೇ ತಿರುಗಲೂ ಬೇಕು ಅನ್ನುವವರು ಟಗ್ಗನ್ನೇ ಆರಿಸಿಕೊಳ್ಳಿ. ಗಿಡ್ಡ, ಅಗಲ, ಮೇಲ್ಮನೆ ಕಡಿಮೆ. ಹೆಚ್ಚು ವಾಲುವುದೂ ಇಲ್ಲ.

ಕಷ್ಟ ಎರಡು. ಒಂದು, ಒಂದೇ ಅಂಕಿ ಬರೆದಿರುವ ಎರಡು ಮೋಟಾರು ಒಂದೇ ವೇಗದಲ್ಲಿ ತಿರುಗುವುದಿಲ್ಲ. ನೇರ ಓಡಿಸಲು ರಿಮೋಟಿನಲ್ಲಿ ಟ್ರಿಮ್, ಅಂದರೆ ಎರಡರ ವೇಗ ಸಮ ಮಾಡುವ ಹೊಂದಾಣಿಕೆ ಬೇಕು, ಸಣ್ಣ ಚುಕ್ಕಾಣಿಯೂ ಇದ್ದರೆ ಒಳ್ಳೆಯದು. ಎರಡು, ಎಲೆಕ್ಟ್ರಾನಿಕ್ಸ್. ಇಲ್ಲಿ ಬಜೆಟ್ಟಿನ ಪ್ರಕಾರ ದಾರಿಗಳು ಕವಲಾಗುತ್ತವೆ.

ತೀರಾ ಅಗ್ಗದ್ದು ತಂತಿ ರಿಮೋಟು. ಹಳದಿ ಬಣ್ಣದ, ಗೇರು ಇರುವ ಬಿಒ ಮೋಟಾರು ಎರಡು, ಕರೆಂಟಿನ ದಿಕ್ಕು ಬದಲಿಸುವ ಡಿಪಿಡಿಟಿ ಸ್ವಿಚ್ಚು ಎರಡು, ನಾಲ್ಕೆಳೆ ತೆಳು ತಂತಿ. ಒಂದೊಂದು ಸ್ವಿಚ್ಚು ಒಂದೊಂದು ಚಕ್ರಕ್ಕೆ. ಮೇಲೆ ಒತ್ತಿದರೆ ಮುಂದೆ, ಕೆಳಗೆ ಒತ್ತಿದರೆ ಹಿಂದೆ. ಕೋಡಿಂಗ್ ಇಲ್ಲ, ಮಣ್ಣು ಮಸಿ ಏನೂ ಇಲ್ಲ. ತಂತಿ ಹಡಗನ್ನು ಸ್ವಲ್ಪ ಎಳೆಯುತ್ತದೆ, ಸಿಕ್ಕಿ ಬಿದ್ದಾಗ ವಾಪಸು ಎಳೆದುಕೊಳ್ಳಲೂ ಆಗುತ್ತದೆ!

ಅದರ ಮೇಲಿನದು ಮೊಬೈಲಿನಿಂದ ಬ್ಲೂಟೂತ್. ಎಚ್‌ಸಿ-05 ಅನ್ನುವ ಬ್ಲೂಟೂತ್ ಬೋರ್ಡಿಗೆ ಹತ್ತು ಮೀಟರ್ ಆಸುಪಾಸು ಮಾತ್ರ ಲೆಕ್ಕ ಇಟ್ಟುಕೊಳ್ಳಿ. ಒಂದು ಸೆಕೆಂಡು ಸಂದೇಶ ಬಾರದಿದ್ದರೆ ಮೋಟಾರು ನಿಲ್ಲುವ ಹಾಗೆ ಹಡಗಿನೊಳಗಿನ ಕಂಟ್ರೋಲರ್ ಬೋರ್ಡಿಗೆ ಪ್ರೋಗ್ರಾಂ ಬರೆಯಿರಿ. ಇಲ್ಲದಿದ್ದರೆ ಸಂಪರ್ಕ ತಪ್ಪಿದ ಹಡಗು ಕೊನೆಯ ಆಜ್ಞೆಯನ್ನೇ ಪಾಲಿಸುತ್ತಾ ಹೋಗುತ್ತಲೇ ಇರುತ್ತದೆ. ಮೋಟಾರು ಡ್ರೈವರ್, ಅಂದರೆ ಮೋಟಾರಿಗೆ ಕರೆಂಟು ಕೊಡುವ ಬೋರ್ಡಿನ ಬಗ್ಗೆ ಒಂದು ಮಾತು. ಎಲ್ಲ ಕಡೆ ಸಿಗುವ ಎಲ್298ಎನ್ ಬೋರ್ಡು ಸುಮಾರು 2 ವೋಲ್ಟ್ ತಾನೇ ನುಂಗುತ್ತದೆ. 18650 ಲಿಥಿಯಂ ಸೆಲ್ ಎರಡನ್ನು ಸರಣಿಯಲ್ಲಿ ಹಾಕಿದರೆ 7.4 ವೋಲ್ಟ್, ನುಂಗಿ ಉಳಿದದ್ದು 6 ವೋಲ್ಟಿನ ಬಿಒ ಮೋಟಾರಿಗೆ ಸಾಕು. ಪೆನ್ಸಿಲ್ ಸೆಲ್ ನಾಲ್ಕರಲ್ಲಿ ಓಡಿಸುವುದಾದರೆ ಆ ಬೋರ್ಡು ಬೇಡ, ಡಿಆರ್‌ವಿ8833 ಥರದ್ದು ತಗೊಳ್ಳಿ.

ಇನ್ನೂ ಮೇಲಿನದು 2.4 ಗಿಗಾಹರ್ಟ್ಸ್ ರೇಡಿಯೊ, ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಎರಡು ಇಎಸ್‌ಸಿ. ಫ್ಲೈಸ್ಕೈ ಎಫ್ಎಸ್-ಐ6 ಥರದ ರಿಮೋಟಿನಲ್ಲಿ ಎಲೆವಾನ್ ಮಿಕ್ಸ್ ಅಂತ ಇರುತ್ತದೆ. ಅದನ್ನು ಆನ್ ಮಾಡಿದರೆ ಒಂದೇ ಕೋಲಿನಿಂದ ಎರಡು ಚಕ್ರವೂ ಮಾತು ಕೇಳುತ್ತವೆ. ಇಎಸ್‌ಸಿ ಕೊಳ್ಳುವಾಗ ಕಾರಿನದ್ದೋ ದೋಣಿಯದ್ದೋ ಕೇಳಿ. ಕಾರಿನದ್ದು ಮೊದಲು ಬ್ರೇಕ್ ಹಾಕಿ, ಕೋಲು ಮತ್ತೆ ನಡುವಿಗೆ ಬಂದ ಮೇಲೆ ರಿವರ್ಸ್ ಕೊಡುತ್ತದೆ. ದಡ ಎದುರಿಗೆ ಬಂದಾಗ ಅದಕ್ಕೆ ಪುರಸೊತ್ತು ಇರುವುದಿಲ್ಲ. ಕೆಲವದರಲ್ಲಿ ಬ್ರೇಕ್ ತೆಗೆಯುವ ಜಂಪರ್ ಇರುತ್ತದೆ.

ನಿಜವಾದ ಉಗಿ

ಉಗಿಹಡಗಿಗೆ ಉಗಿಯೇ ಬೇಡವೇ ಅಂತ ಅಳಿವೆ ಕಡೆಯವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ತೂಗಾಡುವ ಸಿಲಿಂಡರಿನ ಸಣ್ಣ ಎಂಜಿನ್ ಪ್ಯಾಡಲ್‌ಗೆ ಚೆನ್ನಾಗಿ ಹೊಂದುತ್ತದೆ. 1858ರ ದೈತ್ಯ ಹಡಗು 'ಗ್ರೇಟ್ ಈಸ್ಟರ್ನ್'ನ ಪ್ಯಾಡಲ್ ಎಂಜಿನ್ನೂ ತೂಗಾಡುವ ಜಾತಿಯದ್ದೇ. ಆದರೆ ಬಾಯ್ಲರು ಭಾರ, ಅದೂ ಹಡಗಿನಲ್ಲಿ ಎತ್ತರಕ್ಕೆ ಕೂರುತ್ತದೆ. ಅಂದರೆ ಮತ್ತೆ ಅಗಲದ ಪ್ರಶ್ನೆ. ಮೀಟರಿಗಿಂತ ಚಿಕ್ಕ ಒಡಲಿಗೆ ಇದು ಬೇಡ. ಸೇಫ್ಟಿ ವಾಲ್ವ್ ಇರುವ, ಪರೀಕ್ಷೆ ಆದ ಬಾಯ್ಲರನ್ನು ಕೊಂಡು ತನ್ನಿ. ರೇಡಿಯೊ ರಿಪೇರಿಯ ಸಾದಾ ಸೀಸದ ಬೆಸುಗೆಯಲ್ಲಿ ಬಾಯ್ಲರ್ ಮಾಡುವ ಯೋಚನೆ ಬಿಟ್ಟುಬಿಡಿ. ಅದು 183 ಡಿಗ್ರಿಯ ಹೊತ್ತಿಗೆ ಕರಗಲು ಶುರು. ನೀರು ಆರಿತು ಅಂದರೆ ಮುಗಿಯಿತು. ಖರ್ಚು ಹತ್ತಾರು ಸಾವಿರ. ಶಾಲೆಗಂತೂ ಸುತಾರಾಂ ಬೇಡ. ಉಗಿ ಏನು ಮಾಡುತ್ತದೆ ಅಂತ ಮಕ್ಕಳಿಗೆ ತೋರಿಸಲು ಜಾತ್ರೆಯಲ್ಲಿ ಸಿಗುವ, ಬತ್ತಿ ಹಚ್ಚಿದರೆ ಟರ್‌ಟರ್ ಅನ್ನುವ ತಗಡಿನ ದೋಣಿ ಸಾಕು. ಅದಕ್ಕೆ ಚಕ್ರ ಇಲ್ಲ, ಮಜಾ ಇದೆ.

ಚಕ್ರ ಸುಮ್ನೆ ಶೋಕಿಗೆ ತಿರುಗಲಿ, ಅಡಿಯಲ್ಲಿ ಪ್ರೊಪೆಲ್ಲರ್ ಅಡಗಿಸುತ್ತೇನೆ ಅನ್ನುವವರೂ ಇದ್ದಾರೆ. ಓಡುತ್ತದೆ, ತಿರುಗುತ್ತದೆ. ಹಾಗಾದರೆ ಪ್ರೊಪೆಲ್ಲರ್ ದೋಣಿಯನ್ನೇ ಮಾಡಬಹುದಲ್ಲ.

ಒಡಲಿಗೆ ಏನು

ಮಾದರಿ ಕಟ್ಟುವವರು ಬಳಸುವ ಹಗುರ ಬಾಲ್ಸಾ ಮರ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ, ಹುಡುಕುತ್ತಾ ಕೂರಬೇಡಿ. ಬೋರ್ಡು ಬರೆಯುವವರ ಹತ್ತಿರ ಸಿಗುವ ಹಗುರ ಪ್ಲಾಸ್ಟಿಕ್ ಫೋಮ್ ಹಾಳೆ, ಸನ್‌ಬೋರ್ಡ್, 3 ಅಥವಾ 5 ಮಿ.ಮೀ., ಮಕ್ಕಳ ಕೈಗೆ ಅದೇ ಸರಿ. ಕಟ್ಟರ್‌ನಲ್ಲಿ ಕೊಯ್ಯಬಹುದು, ನೀರು ಕುಡಿಯುವುದಿಲ್ಲ. ಬಾಳಿಕೆ ಬೇಕಾದರೆ ತೆಳು ಪ್ಲೈವುಡ್ಡಿನ ಮೇಲೆ ರೆಸಿನ್ ಬಳಿಯಿರಿ. ಫೈಬರ್ ದೋಣಿ ರಿಪೇರಿ ಮಾಡುವವರ ಹತ್ತಿರ ಮ್ಯಾಟು, ರೆಸಿನ್ ಎರಡೂ ಇರುತ್ತವೆ, ಮಿಕ್ಕಿದ್ದನ್ನು ಕೇಳಿ ನೋಡಿ. ಯಾವುದರಲ್ಲೇ ಮಾಡಿ, ಚಕ್ರದ ಗೂಡಿನ ಹಿಂದೆ ಮುಂದೆ ಚಾಚಿಕೊಂಡಿರುವ ಭಾಗವನ್ನು ಟೊಳ್ಳಾಗಿ, ಗಾಳಿಬಿಗಿಯಾಗಿ ಮುಚ್ಚಿ. ಹಡಗು ತೀರಾ ವಾಲಿದಾಗ ಅದೇ ನೀರಿಗೆ ಒತ್ತಿ ಎತ್ತಿ ಹಿಡಿಯುತ್ತದೆ. ಗೂಡಿನ ಮುಚ್ಚಳವನ್ನು ಮಾತ್ರ ಅಂಟಿಸಬೇಡಿ, ತೆಗೆಯಲು ಬರುವ ಹಾಗಿರಲಿ. ಪಾಯಲ್ ಸುತ್ತಿಕೊಂಡರೆ ಬಿಡಿಸಬೇಕಲ್ಲ.

ಯಾರಿಗೆ ಯಾವುದು

ಬದಿಯಡ್ಕದ ಮಾಷ್ಟ್ರೇ, ನಿಮಗೆ ಸನ್‌ಬೋರ್ಡಿನ ಪಕ್ಕದ ಚಕ್ರದ ಟಗ್ಗು, ಎರಡು ಬಿಒ ಮೋಟಾರು, ತಂತಿ ರಿಮೋಟು. ಸಾವಿರ ರೂಪಾಯಿಯೊಳಗೆ ಮುಗಿಯಬೇಕು. ಹಿಂದಿನ ಚಕ್ರದ್ದು ಇನ್ನೂ ಸುಲಭ, ಒಪ್ಪುತ್ತೇನೆ. ಆದರೆ ಮೇಳದಲ್ಲಿ ನಿಮಗೆ ಸಿಗುವುದು ಒಂದು ಟಬ್ಬು ಅಥವಾ ಟಾರ್ಪಾಲಿನ ತೊಟ್ಟಿ. ಅದರಲ್ಲಿ ನಿಂತಲ್ಲೇ ಸುತ್ತುವ ಹಡಗು ಬೇಕು. ಪಕ್ಕದಲ್ಲಿ 50 ಗ್ರಾಂ ತೂಕ, ನೂಲು, ಕೋನಮಾಪಕ ಇಡಿ. ಬಂದವರ ಎದುರೇ ಅಗಲದ ಲೆಕ್ಕ ಮಾಡಿ ತೋರಿಸುವ ಕೆಲಸ ಮಕ್ಕಳಿಗೇ ಬಿಡಿ.

ತೋಟದ ಕೆರೆಯವರಿಗೂ ಎರಡು ಮೋಟಾರೇ. ಆದರೆ ರೇಡಿಯೊ ಹಾಕಿ. ರಿಮೋಟಿಗೆ ನಾಲ್ಕೈದು ಸಾವಿರ ಹೋದರೂ ಮುಂದಿನ ಹಡಗಿಗೂ ಅದೇ ಬರುತ್ತದೆ. 6 ವೋಲ್ಟಿನ ಸಣ್ಣ ಲೆಡ್ ಆಸಿಡ್ ಬ್ಯಾಟರಿ ಮುಕ್ಕಾಲು ಕೆ.ಜಿ. ಹತ್ತಿರ ತೂಗುತ್ತದೆ. ತಳದಲ್ಲಿ ಮಲಗಿಸಿ ಇಟ್ಟರೆ ಬೇರೆ ಭಾರ ಹಾಕುವುದೇ ಬೇಡ. ತೋಟದ ಮರಗಳ ಮರೆ ಇರುವುದರಿಂದ ಗಾಳಿ ನಿಮಗೆ ಅಷ್ಟು ಕಾಡುವುದಿಲ್ಲ. ಹಿಂದಿನ ಚಕ್ರದ ಹಡಗಿನ ಚಂದಕ್ಕೆ ಮನಸೋತಿದ್ದರೆ ಎರಡನೆಯದಾಗಿ ಅದನ್ನು ಕಟ್ಟಿ, ನಿಮ್ಮ ಕೆರೆ ಅದಕ್ಕೆ ಸಾಲುತ್ತದೆ.

ಅಳಿವೆಯವರಿಗೆ ಮಾತ್ರ ಒಂದೇ ಅಚ್ಚಿನ, ಮೀಟರುದ್ದದ ಹಡಗು ಕಟ್ಟಲು ಧೈರ್ಯವಾಗಿ ಹೇಳುತ್ತೇನೆ. ನೀರು ಅಗಲ ಇದೆ, ಕೈಯಲ್ಲಿ ಸಮಯ ಇದೆ. ಫೆದರಿಂಗ್ ಚಕ್ರವನ್ನೂ ಮಾಡಿ ನೋಡಿ, ನಿಮ್ಮಂಥವರು ಮಾಡದೆ ಇನ್ಯಾರು ಮಾಡಬೇಕು. ಶುರುವಿಗೆ ಮೋಟಾರೇ ಇರಲಿ, ಎಂಜಿನ್ನಿಗೆ ಜಾಗ ಬಿಟ್ಟು ಕಟ್ಟಿ. ಇಳಿತದ ಹೊತ್ತಿನಲ್ಲಿ ಬಿಡಬೇಡಿ, ಹೊಳೆ ಕಡಲಿನ ಕಡೆಗೇ ಎಳೆಯುತ್ತದೆ. ಉಬ್ಬರ ನಿಂತು ನೀರು ತಟಸ್ಥ ಆದ ಹೊತ್ತು ನೋಡಿಕೊಳ್ಳಿ. ಮನೆಯ ಟಬ್ಬಿನಲ್ಲಿ ಸಿಹಿನೀರಿಗೆ ಸರಿ ಮಾಡಿದ ಹಡಗು ಉಪ್ಪುನೀರಲ್ಲಿ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ತುಕ್ಕಿಗೆ. ಆಟ ಮುಗಿದ ಕೂಡಲೇ ಚಕ್ರ, ಅಚ್ಚು, ಕೀಲು ಎಲ್ಲವನ್ನೂ ಬಾವಿನೀರಲ್ಲಿ ತೊಳೆದು, ಒರೆಸಿ, ಹೊಲಿಗೆ ಮಿಷಿನ್ನಿನ ಎಣ್ಣೆ ಬಿಡಿ. ಅಚ್ಚಿಗೆ ಸ್ಟೀಲ್ ಸ್ಪೋಕ್ ಹಾಕುವುದಾದರೆ ಸ್ಟೇನ್‌ಲೆಸ್ ಅಂತ ಕೇಳಿಯೇ ತಗೊಳ್ಳಿ. ಅಂಗಡಿಯವರು ಹೌದು ಅಂದರೂ ಒಂದು ರಾತ್ರಿ ಉಪ್ಪುನೀರಿನ ಲೋಟದಲ್ಲಿ ಇಟ್ಟು ನೋಡಿ.